ಒಂದೇ ಹೆಬ್ಬಾಗಿಲು

ಪೀಠಿಕೆ

ವಿಜ್ಞಾನವು ಹೊಸ ಹೊಸ ಸಾಧನಗಳನ್ನು ಒದಗಿಸಿದಂತೆಲ್ಲ ಅವುಗಳನ್ನು ಒಂದಕ್ಕೊಂದು ಹೊಂದಿಸುವ ಹೊಣೆಯೂ ಮನುಷ್ಯನ ಮೇಲೆ ಬೀಳುತ್ತದೆ. ಕೃತಕ ಬುದ್ಧಿಯ ಯಂತ್ರವು ಉಪಕರಣಗಳನ್ನು ಹೇಗೆ ಬಳಸುತ್ತದೆ, ಬೇರೆ ಬೇರೆ ಉಪಕರಣಗಳನ್ನು ಒಬ್ಬ ಮಧ್ಯವರ್ತಿಯ ಹಿಂದೆ ಏಕೆ ಸೇರಿಸುತ್ತಾರೆ, ಹಾಗೆ ಸೇರಿಸಿದಾಗ ಯಾವ ಎಚ್ಚರಿಕೆ ಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

*

ಕೈಗೆ ಎಟುಕದುದನ್ನು ಎಟುಕಿಸಿಕೊಳ್ಳಲು ಮನುಷ್ಯನು ಉಪಕರಣಗಳನ್ನು ಮಾಡಿಕೊಂಡನು. ನೆಲವನ್ನು ಉಳಲು ನೇಗಿಲು, ಭಾರವನ್ನು ಎತ್ತಲು ರಾಟೆ, ದೂರದ ಗ್ರಹಗಳನ್ನು ಕಾಣಲು ದೂರದರ್ಶಕ ಹುಟ್ಟಿದುವು. ನಮ್ಮ ಕಾಲದಲ್ಲಿ ಒಂದು ವಿಚಿತ್ರ ಸನ್ನಿವೇಶ ಒದಗಿದೆ. ಮನುಷ್ಯನು ನಿರ್ಮಿಸಿದ ಯಂತ್ರವೊಂದಕ್ಕೇ ಈಗ ಉಪಕರಣಗಳು ಬೇಕಾಗಿವೆ. ಕೃತಕ ಬುದ್ಧಿಯ ಭಾಷಾ ಮಾದರಿಯೇ ಆ ಯಂತ್ರ.

ಅಪಾರವಾದ ಬರಹಗಳಿಂದ ತರಬೇತಿ ಪಡೆದ ಗಣಕ ವ್ಯವಸ್ಥೆಯನ್ನು ಭಾಷಾ ಮಾದರಿ ಎನ್ನುತ್ತಾರೆ. ಪ್ರಶ್ನೆ ಕೇಳಿದರೆ ಅದು ಉತ್ತರ ಬರೆಯುತ್ತದೆ, ಪತ್ರವನ್ನು ರಚಿಸುತ್ತದೆ, ಲೆಕ್ಕವನ್ನು ಬಿಡಿಸಿ ತೋರಿಸುತ್ತದೆ. ಆದರೆ ಅದು ತಾನಾಗಿ ಮಾಡಬಲ್ಲ ಕೆಲಸ ಬರೆಯುವುದೊಂದೇ. ತರಬೇತಿ ಮುಗಿದ ಬಳಿಕ ಲೋಕದಲ್ಲಿ ನಡೆದ ಸಂಗತಿಗಳು ಅದಕ್ಕೆ ತಿಳಿದಿರುವುದಿಲ್ಲ. ಇಂದು ನಿಮ್ಮೂರಿನಲ್ಲಿ ಮಳೆ ಬಂದೀತೇ, ನಿಮ್ಮ ಶಾಲೆಯ ಗ್ರಂಥಾಲಯದಲ್ಲಿ ಇಂಥ ಪುಸ್ತಕ ಉಳಿದಿದೆಯೇ ಎಂದು ಕೇಳಿದರೆ ಅದು ಊಹಿಸಿ ಹೇಳಬಹುದು, ನೋಡಿ ಹೇಳಲಾರದು. ಅದಕ್ಕೆ ಬಾಯಿ ಉಂಟು, ಕೈಯಿಲ್ಲ.

ಆ ಯಂತ್ರಕ್ಕೆ ಕೈ ಕೊಡುವ ಉಪಾಯ ಸರಳವಾಗಿದೆ. ಪ್ರಶ್ನೆಯೊಡನೆ ಉಪಕರಣಗಳ ಪಟ್ಟಿಯೊಂದನ್ನೂ ಅದರ ಮುಂದಿಡುತ್ತಾರೆ. ಉಪಕರಣದ ಹೆಸರು, ಅದು ಮಾಡುವ ಕೆಲಸದ ವಿವರಣೆ, ಅದಕ್ಕೆ ಒದಗಿಸಬೇಕಾದ ಮಾಹಿತಿಯ ಸ್ವರೂಪ, ಈ ಮೂರೂ ಆ ಪಟ್ಟಿಯಲ್ಲಿರುತ್ತವೆ. ಮಾದರಿಯು ಪಟ್ಟಿಯನ್ನು ಓದಿ, ಅಗತ್ಯವೆನಿಸಿದಾಗ, ‘ಇಂಥ ಉಪಕರಣವನ್ನು ಇಂಥ ಮಾಹಿತಿಯೊಡನೆ ನಡೆಸಬೇಕು’ ಎಂದು ಬರೆದು ನಿಲ್ಲಿಸುತ್ತದೆ. ಅದರ ಸುತ್ತ ಇರುವ ಸಾಮಾನ್ಯ ತಂತ್ರಾಂಶವು ಆ ಬರಹವನ್ನು ಓದಿಕೊಂಡು ಉಪಕರಣವನ್ನು ನಿಜವಾಗಿ ನಡೆಸುತ್ತದೆ. ಬಂದ ಫಲವನ್ನು ತಂದು ಮಾದರಿಗೆ ಒಪ್ಪಿಸುತ್ತದೆ. ಮಾದರಿಯು ಕೇಳುತ್ತದೆ, ತಂತ್ರಾಂಶವು ಮಾಡುತ್ತದೆ. ಈ ಭೇದವನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ಕೇಳುವವನಿಗೂ ಮಾಡುವವನಿಗೂ ನಡುವೆ ಸ್ಥಳವಿರುವುದರಿಂದಲೇ ಅಲ್ಲಿ ತಡೆದು ವಿಚಾರಿಸುವುದು ಸಾಧ್ಯವಾಗುತ್ತದೆ.

ಹೀಗೆ ಮಾದರಿಯ ಉಪಯೋಗಕ್ಕೆಂದು ಉಪಕರಣಗಳನ್ನು ಒದಗಿಸುವ ತಂತ್ರಾಂಶಕ್ಕೆ ಉಪಕರಣಗಳ ಸರ್ವರ್ ಎಂದು ಹೆಸರು. ಒಂದು ಸರ್ವರ್ ಕಡತಗಳನ್ನು ತೆರೆದು ಓದುತ್ತದೆ; ಇನ್ನೊಂದು ದತ್ತಾಂಶದ ಕೋಶದಲ್ಲಿ ಹುಡುಕುತ್ತದೆ; ಮತ್ತೊಂದು ಮಿಂಚಂಚೆಯನ್ನು ಕಳುಹಿಸುತ್ತದೆ. ಮೊದಮೊದಲು ಇವುಗಳಲ್ಲಿ ಒಂದೊಂದರ ನುಡಿಯೂ ಒಂದೊಂದು ಬಗೆಯಾಗಿತ್ತು. ಐದು ಸಹಾಯಕ ತಂತ್ರಾಂಶಗಳು ಎಂಟು ಸೇವೆಗಳನ್ನು ಬಳಸಬೇಕಾಗಿದೆ ಎಂದು ಭಾವಿಸೋಣ. ಪ್ರತಿಯೊಂದು ಜೋಡಿಗೂ ಪ್ರತ್ಯೇಕವಾದ ಕೊಂಡಿಯನ್ನು ಬರೆಯುವುದಾದರೆ 40 ಕೊಂಡಿಗಳು ಬೇಕು. ಎಲ್ಲರೂ ಒಂದೇ ನುಡಿಯನ್ನು ಒಪ್ಪಿಕೊಂಡರೆ ಸಹಾಯಕರ ಕಡೆ 5, ಸೇವೆಗಳ ಕಡೆ 8, ಒಟ್ಟು 13 ಸಾಕು.

ಅಂಥ ಒಂದು ಸಮಾನ ನುಡಿಯನ್ನು ಆಂಥ್ರೋಪಿಕ್ ಎಂಬ ಸಂಸ್ಥೆಯು 2024ರ ನವೆಂಬರ್ ತಿಂಗಳಲ್ಲಿ ಪ್ರಕಟಿಸಿತು. ಅದಕ್ಕೆ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂದು ಹೆಸರು; ಸಂಕ್ಷೇಪವಾಗಿ ಎಂ.ಸಿ.ಪಿ. ಪ್ರೋಟೋಕಾಲ್ ಎಂದರೆ ಇಬ್ಬರು ಪರಸ್ಪರ ವ್ಯವಹರಿಸುವಾಗ ಪಾಲಿಸಬೇಕಾದ ನಿಯಮಗಳ ಕಟ್ಟಳೆ. ಇದಕ್ಕೆ ಮುಂಚೆ, 2016ರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆಯು ಗಣಕದ ಭಾಷೆಗಳಿಗೂ ಅವುಗಳನ್ನು ಬರೆಯುವ ಸಂಪಾದಕ ತಂತ್ರಾಂಶಗಳಿಗೂ ನಡುವೆ ಇಂಥದೇ ಕಟ್ಟಳೆಯೊಂದನ್ನು ರೂಪಿಸಿತ್ತು. ಅದೇ ಎಂ.ಸಿ.ಪಿ.ಗೆ ಪ್ರೇರಣೆಯಾಯಿತು. 2025ರಲ್ಲಿ ಓಪನ್‌ಎಐ, ಗೂಗಲ್ ಮೊದಲಾದ ಸಂಸ್ಥೆಗಳೂ ಇದನ್ನು ಅಂಗೀಕರಿಸಿದುವು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಇದರ ಪೋಷಣೆಯ ಹೊಣೆಯನ್ನು ಲಿನಕ್ಸ್ ಫೌಂಡೇಷನ್ನಿನ ಆಶ್ರಯದಲ್ಲಿರುವ ನಿಧಿಯೊಂದಕ್ಕೆ ಒಪ್ಪಿಸಲಾಯಿತು.

ನುಡಿ ಒಂದಾದರೂ ತೊಡಕು ಪೂರ್ತಿಯಾಗಿ ತೀರಲಿಲ್ಲ. ಸರ್ವರ್‌ಗಳ ಸಂಖ್ಯೆ ಬೆಳೆದಂತೆ ಪ್ರತಿಯೊಬ್ಬ ಸಹಾಯಕನೂ ಅವೆಲ್ಲವುಗಳ ವಿಳಾಸವನ್ನು ತಿಳಿದಿರಬೇಕು. ಪ್ರತಿಯೊಂದರ ಗುಪ್ತ ಕೀಲಿಯನ್ನೂ ಇಟ್ಟುಕೊಂಡಿರಬೇಕು. ಒಂದರ ವಿಳಾಸ ಬದಲಾದರೆ ಎಲ್ಲ ಸಹಾಯಕರಲ್ಲಿಯೂ ತಿದ್ದಬೇಕು. ಮೂರು ಸರ್ವರ್‌ಗಳಿದ್ದಾಗ ಇದು ಭಾರವೆನಿಸದು. ಮೂವತ್ತಾದಾಗ ಯಾವ ಕೀಲಿ ಎಲ್ಲಿದೆ ಎಂಬುದೇ ತಿಳಿಯದಂತಾಗುತ್ತದೆ.

ಇದು ಹೊಸ ಸಮಸ್ಯೆಯಲ್ಲ. ದೂರವಾಣಿಯು ಬಂದ ಹೊಸದರಲ್ಲಿ ಜನರು ಇದನ್ನೇ ಎದುರಿಸಿದ್ದರು. ಆಗ ಇಬ್ಬರು ಮಾತನಾಡಬೇಕಾದರೆ ಅವರಿಬ್ಬರ ನಡುವೆ ನೇರವಾಗಿ ಒಂದು ತಂತಿಯನ್ನು ಎಳೆಯಬೇಕಾಗಿತ್ತು. 1878ರ ಜನವರಿ 28ರಂದು ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಜಾರ್ಜ್ ಕಾಯ್ ಎಂಬವನು 21 ಮಂದಿ ಚಂದಾದಾರರಿಗಾಗಿ ದೂರವಾಣಿ ವಿನಿಮಯ ಕೇಂದ್ರವನ್ನು ತೆರೆದನು. ಆ 21 ಮಂದಿಯಲ್ಲಿ ಪ್ರತಿಯೊಬ್ಬರನ್ನೂ ಉಳಿದ ಎಲ್ಲರೊಡನೆ ನೇರವಾಗಿ ಜೋಡಿಸುವುದಾದರೆ 210 ತಂತಿಗಳು ಬೇಕಾಗುತ್ತಿದ್ದುವು. ನಡುವೆ ಒಂದು ಕೇಂದ್ರವಿದ್ದರೆ ಹೆಚ್ಚೆಂದರೆ 21 ತಂತಿಗಳು ಸಾಕು. ಪ್ರತಿಯೊಬ್ಬನ ತಂತಿಯೂ ಕೇಂದ್ರಕ್ಕೆ ಬರುತ್ತದೆ. ಯಾರನ್ನು ಯಾರಿಗೆ ಜೋಡಿಸಬೇಕೆಂಬುದನ್ನು ಕೇಂದ್ರವು ನೋಡಿಕೊಳ್ಳುತ್ತದೆ.

ಉಪಕರಣಗಳ ಸರ್ವರ್‌ಗಳಿಗೂ ಇಂಥದೇ ಕೇಂದ್ರವನ್ನು ಏರ್ಪಡಿಸಬಹುದು. ಅದನ್ನು ಪ್ರಾಕ್ಸಿ ಎಂದು ಕರೆಯುತ್ತಾರೆ. ಪ್ರಾಕ್ಸಿ ಎಂದರೆ ಮತ್ತೊಬ್ಬರ ಪರವಾಗಿ ನಿಂತು ವ್ಯವಹರಿಸುವವನು. ನಮ್ಮ ಕಚೇರಿಗಳ ಹಳೆಯ ಮಾತಿನಲ್ಲಿ ಹೇಳುವುದಾದರೆ ಮುಖ್ತಿಯಾರ. ಸಹಾಯಕ ತಂತ್ರಾಂಶದ ಕಡೆಗೆ ಅದು ತಾನೇ ಸರ್ವರ್ ಎಂಬಂತೆ ನಿಲ್ಲುತ್ತದೆ. ಸರ್ವರ್‌ಗಳ ಕಡೆಗೆ ತಾನೇ ಸೇವೆಯನ್ನು ಬೇಡುವ ಗ್ರಾಹಕನೆಂಬಂತೆ ನಡೆದುಕೊಳ್ಳುತ್ತದೆ. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಕು ಬೀರುವಂತೆ ಅದು ಎರಡು ಕಡೆಗೂ ಮುಖ ಮಾಡಿರುತ್ತದೆ.

ಇದರ ಕಾರ್ಯಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಂದು ಪ್ರೌಢಶಾಲೆಯ ಗ್ರಂಥಾಲಯದಲ್ಲಿ ಮೂರು ಸರ್ವರ್‌ಗಳಿವೆ ಎಂದು ಭಾವಿಸಿರಿ. ಮೊದಲನೆಯದು ಪುಸ್ತಕಗಳ ಪಟ್ಟಿಯನ್ನೂ ಅವುಗಳನ್ನು ಎರವಲು ಪಡೆದವರ ಹೆಸರು, ವಿಳಾಸಗಳನ್ನೂ ಇಟ್ಟುಕೊಂಡಿದೆ. ಅದರಲ್ಲಿ ನಾಲ್ಕು ಉಪಕರಣಗಳಿವೆ. ಎರಡನೆಯದು ಶಾಲೆಯ ದಿನದರ್ಶಿ, ಅದರಲ್ಲಿ ಮೂರು. ಮೂರನೆಯದು ಮಿಂಚಂಚೆ, ಅದರಲ್ಲಿ ಐದು. ಈ ಮೂರರ ಮುಂದೆ ಒಂದು ಪ್ರಾಕ್ಸಿಯನ್ನು ನಿಲ್ಲಿಸಲಾಗಿದೆ.

ಕೆಲಸ ಆರಂಭವಾದೊಡನೆ ಪ್ರಾಕ್ಸಿಯು ಪ್ರತಿಯೊಂದು ಸರ್ವರನ್ನೂ ಸಂಪರ್ಕಿಸುತ್ತದೆ. ಮೊದಲು ಕುಶಲಪ್ರಶ್ನೆಯಂತೆ ಒಂದು ಪರಿಚಯ ನಡೆಯುತ್ತದೆ: ‘ನಾನು ಎಂ.ಸಿ.ಪಿ.ಯ ಇಂಥ ಆವೃತ್ತಿಯನ್ನು ಬಲ್ಲೆ. ನೀನು ಯಾವುದನ್ನು ಬಲ್ಲೆ? ನಿನ್ನಿಂದ ಏನೇನು ಸಾಧ್ಯ?’ ಬಳಿಕ ಪ್ರಾಕ್ಸಿಯು ಉಪಕರಣಗಳ ಪಟ್ಟಿಯನ್ನು ಬೇಡುತ್ತದೆ. ಮೂರು ಕಡೆಯಿಂದ ಬಂದ ಪಟ್ಟಿಗಳನ್ನು ಕೂಡಿಸಿ, ಹನ್ನೆರಡು ಉಪಕರಣಗಳ ಒಂದೇ ಪಟ್ಟಿಯನ್ನು ಮಾಡಿ, ಸಹಾಯಕ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಸಹಾಯಕನಿಗೆ ಕಾಣುವುದು ಒಂದೇ ಸರ್ವರ್. ಅದರ ಹಿಂದೆ ಮೂರಿವೆಯೋ ಮೂವತ್ತಿವೆಯೋ ಅದಕ್ಕೆ ತಿಳಿಯಬೇಕಾಗಿಲ್ಲ. ಅವುಗಳಲ್ಲಿ ಕೆಲವು ಅದೇ ಗಣಕದಲ್ಲಿರಬಹುದು, ಕೆಲವು ಅಂತರ್ಜಾಲದ ಮೂಲಕ ತಲುಪಬೇಕಾದ ದೂರದ ಗಣಕದಲ್ಲಿರಬಹುದು. ಆ ವ್ಯತ್ಯಾಸವನ್ನೂ ಪ್ರಾಕ್ಸಿಯೇ ಸರಿದೂಗಿಸುತ್ತದೆ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಪುಸ್ತಕಗಳ ಸರ್ವರಿನಲ್ಲಿಯೂ ಮಿಂಚಂಚೆಯ ಸರ್ವರಿನಲ್ಲಿಯೂ ‘ಸರ್ಚ್’, ಅಂದರೆ ಹುಡುಕು, ಎಂಬ ಹೆಸರಿನ ಉಪಕರಣವಿದೆ. ಪಟ್ಟಿಗಳು ಬೇರೆಬೇರೆಯಾಗಿದ್ದಾಗ ಇದರಿಂದ ಬಾಧಕವಿರಲಿಲ್ಲ. ಒಂದಾದಾಗ ಯಾವ ‘ಸರ್ಚ್’ ಎಂಬ ಪ್ರಶ್ನೆ ಏಳುತ್ತದೆ. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಉಪಾಧ್ಯಾಯರು ಹಾಜರಿ ಪುಸ್ತಕದಲ್ಲಿ ಏನು ಮಾಡುತ್ತಾರೆ? ಹೆಸರಿನ ಹಿಂದೆ ಇನಿಷಿಯಲ್ ಸೇರಿಸಿ ಬರೆಯುತ್ತಾರೆ. ಪ್ರಾಕ್ಸಿಯೂ ಅದನ್ನೇ ಮಾಡುತ್ತದೆ. ಒಂದನ್ನು ‘ಬುಕ್ಸ್_ಸರ್ಚ್’ ಎಂದೂ ಇನ್ನೊಂದನ್ನು ‘ಮೇಲ್_ಸರ್ಚ್’ ಎಂದೂ ಕರೆಯುತ್ತದೆ. ಸಹಾಯಕನು ‘ಮೇಲ್_ಸರ್ಚ್’ ಬೇಕೆಂದಾಗ ಮುಂದಿನ ಗುರುತನ್ನು ನೋಡಿ ಅದು ಮಿಂಚಂಚೆಯ ಸರ್ವರಿಗೆ ಸೇರಿದ್ದೆಂದು ತಿಳಿದು, ಗುರುತನ್ನು ಕಳಚಿ, ಬರಿಯ ‘ಸರ್ಚ್’ ಎಂಬ ಕೋರಿಕೆಯನ್ನು ಅಲ್ಲಿಗೆ ಕಳುಹಿಸುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಎಂ.ಸಿ.ಪಿ.ಯಲ್ಲಿ ಪ್ರತಿಯೊಂದು ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯನ್ನು ಹೊತ್ತು ಉತ್ತರ ಹಿಂದಿರುಗಬೇಕು. ಗ್ರಂಥಪಾಲಕರ ಗಣಕದಿಂದಲೂ ವಾಚನಾಲಯದ ಗಣಕದಿಂದಲೂ 5ನೆಯ ಸಂಖ್ಯೆಯ ಕೋರಿಕೆಗಳು ಒಂದೇ ಹೊತ್ತಿಗೆ ಬಂದರೆ? ಪ್ರಾಕ್ಸಿಯು ಅವುಗಳಿಗೆ ತನ್ನದೇ ಹೊಸ ಸಂಖ್ಯೆಗಳನ್ನು ಕೊಟ್ಟು ಮುಂದಕ್ಕೆ ಕಳುಹಿಸುತ್ತದೆ. ಯಾವ ಹೊಸ ಸಂಖ್ಯೆ ಯಾರ ಹಳೆಯ ಸಂಖ್ಯೆಗೆ ಸಲ್ಲುತ್ತದೆ ಎಂಬ ಕೋಷ್ಟಕವನ್ನು ಇಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಕೋಷ್ಟಕವನ್ನು ನೋಡಿ ಅವರವರದನ್ನು ಅವರವರಿಗೆ ತಲುಪಿಸುತ್ತದೆ. ಈ ಕೋಷ್ಟಕದಲ್ಲಿ ತಪ್ಪಾದರೆ ಒಬ್ಬರ ಮಾಹಿತಿ ಇನ್ನೊಬ್ಬರ ಪಾಲಾಗುತ್ತದೆ.

ಈಗ ಗ್ರಂಥಪಾಲಕರು ಹೀಗೆ ಕೇಳುತ್ತಾರೆಂದು ಇಟ್ಟುಕೊಳ್ಳಿ: “ಮುಂದಿನ ವಾರ ಹಿಂದಿರುಗಿಸಬೇಕಾದ ಪುಸ್ತಕಗಳು ಯಾವುವು? ಆ ವಾರ ಶಾಲೆಗೆ ರಜೆಯುಂಟೇ? ಪುಸ್ತಕ ಪಡೆದವರಿಗೆ ನೆನಪಿನ ಪತ್ರಗಳನ್ನು ಸಿದ್ಧಪಡಿಸು.” ಮಾದರಿಯು ಮೊದಲು ಪುಸ್ತಕಗಳ ಪಟ್ಟಿಯನ್ನು ಕೇಳುತ್ತದೆ, ಬಂದುದನ್ನು ಓದಿ ದಿನದರ್ಶಿಯನ್ನು ವಿಚಾರಿಸುತ್ತದೆ, ಬುಧವಾರ ರಜೆಯೆಂದು ತಿಳಿದರೆ ಪತ್ರಗಳಲ್ಲಿ ಗುರುವಾರದ ದಿನಾಂಕವನ್ನು ನಮೂದಿಸುತ್ತದೆ. ಮೂರು ಬೇರೆ ಮನೆಗಳ ಕೆಲಸ ಒಂದೇ ಬಾಗಿಲಿನ ಮೂಲಕ ನೆರವೇರುತ್ತದೆ. ನಾಳೆ ಪುಸ್ತಕಗಳ ಸರ್ವರನ್ನು ಬದಲಾಯಿಸಿದರೂ ತಿದ್ದಬೇಕಾದುದು ಪ್ರಾಕ್ಸಿಯಲ್ಲಿ ಮಾತ್ರ. ಕೀಲಿಗಳೂ ಅಲ್ಲಿಯೇ ಇರುವುದರಿಂದ ಗಣಕಗಣಕಕ್ಕೆ ಅವುಗಳನ್ನು ಹಂಚಬೇಕಾಗಿಲ್ಲ.

ಪ್ರಾಕ್ಸಿಯು ಉಪಕರಣಗಳನ್ನು ಸೇರಿಸುವುದಷ್ಟೇ ಅಲ್ಲ, ಆರಿಸಲೂ ಬೇಕು. ಪ್ರತಿಯೊಂದು ಉಪಕರಣದ ವಿವರಣೆಯನ್ನೂ ಮಾದರಿಯು ಓದಬೇಕಾಗುತ್ತದೆ. ಮಾದರಿಯು ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಬರಹಕ್ಕೆ ಮಿತಿಯುಂಟು. ನೂರಾರು ಉಪಕರಣಗಳನ್ನು ಮುಂದೆ ಸುರಿದರೆ ಆ ಸ್ಥಳವೆಲ್ಲ ವಿವರಣೆಗಳಿಂದಲೇ ತುಂಬುತ್ತದೆ. ಒಂದನ್ನು ಹೋಲುವ ಮತ್ತೊಂದನ್ನು ಕಂಡು ಅದು ತಪ್ಪು ಉಪಕರಣವನ್ನು ಆರಿಸಲೂಬಹುದು. ಆದುದರಿಂದ ಹನ್ನೆರಡರಲ್ಲಿ ಗ್ರಂಥಪಾಲಕರಿಗೆ ಬೇಕಾದ ಏಳನ್ನು ಮಾತ್ರ ಪ್ರಾಕ್ಸಿಯು ತೋರಿಸುತ್ತದೆ. ವಾಚನಾಲಯದಲ್ಲಿ ವಿದ್ಯಾರ್ಥಿಗಳು ಬಳಸುವ ಗಣಕಕ್ಕೆ ಪುಸ್ತಕವನ್ನು ಹುಡುಕುವುದು, ಅದು ಕಪಾಟಿನಲ್ಲಿದೆಯೇ ಎಂದು ನೋಡುವುದು, ಈ ಎರಡು ಸಾಕು. ಬಾಗಿಲು ಒಂದೇ, ಆದರೆ ಒಳಬಂದವರಿಗೆಲ್ಲ ಎಲ್ಲ ಕೋಣೆಗಳೂ ತೆರೆದಿರುವುದಿಲ್ಲ.

ಇಲ್ಲಿಯವರೆಗೆ ಅನುಕೂಲಗಳನ್ನು ನೋಡಿದೆವು. ನಡುವೆ ನಿಂತವನ ಕೈಯಲ್ಲಿ ಎಷ್ಟು ಅಧಿಕಾರ ಸೇರುತ್ತದೆ ಎಂಬುದನ್ನೂ ನೋಡಬೇಕು. ದೂರವಾಣಿಯ ಇತಿಹಾಸವೇ ಇದಕ್ಕೆ ನಿದರ್ಶನವನ್ನು ಒದಗಿಸುತ್ತದೆ. ಮೊದಲಿನ ವಿನಿಮಯ ಕೇಂದ್ರಗಳಲ್ಲಿ ತಂತಿಗಳನ್ನು ಜೋಡಿಸುತ್ತಿದ್ದವರು ಮನುಷ್ಯರೇ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬವನು ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯಲ್ಲಿದ್ದನು. ತನ್ನನ್ನು ಕೇಳಿ ಬಂದ ಕರೆಗಳನ್ನು ಕೇಂದ್ರದಲ್ಲಿ ಕುಳಿತವರು ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾರೆಂದು ಅವನಿಗೆ ಸಂಶಯ ಹುಟ್ಟಿತೆಂದು ಹೇಳುತ್ತಾರೆ. ಸಂಶಯ ನಿಜವೋ ಅಲ್ಲವೋ, ಅದರಿಂದ ಹುಟ್ಟಿದ ಫಲ ದೊಡ್ಡದಾಯಿತು. ಕರೆಯುವವನೇ ತನಗೆ ಬೇಕಾದ ಸಂಖ್ಯೆಯನ್ನು ಸೂಚಿಸಿ ಸಂಪರ್ಕ ಪಡೆಯುವ ಸ್ವಯಂಚಾಲಿತ ಯಂತ್ರಕ್ಕೆ ಅವನು 1891ರಲ್ಲಿ ಹಕ್ಕುಪತ್ರ ಪಡೆದನು. 1892ರಲ್ಲಿ ಇಂಡಿಯಾನಾ ಸಂಸ್ಥಾನದ ಲಾ ಪೋರ್ಟ್ ಎಂಬ ಊರಿನಲ್ಲಿ ಅಂಥ ವಿನಿಮಯ ಕೇಂದ್ರವು ಕೆಲಸಕ್ಕೆ ಬಂದಿತು. ಸ್ಟ್ರೌಜರ್ ಪದ್ಧತಿಯ ಯಂತ್ರಗಳನ್ನು ನಮ್ಮ ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿಯೂ ತಯಾರಿಸುತ್ತಿದ್ದರು. ಮುಂದೆ 1986ರಲ್ಲಿ, ಭಾರತದಲ್ಲಿಯೇ ರೂಪುಗೊಂಡ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಸ್ವಯಂಚಾಲಿತ ಕೇಂದ್ರವು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಆರಂಭವಾಯಿತು.

ಸ್ಟ್ರೌಜರನನ್ನು ಕಾಡಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ನಡುವೆ ಕುಳಿತವನು ಕೋರಿಕೆಯನ್ನು ಸರಿಯಾದ ಕಡೆಗೇ ಕಳುಹಿಸುತ್ತಾನೆಯೇ? ಕೇಳಬಾರದವನು ಕೇಳಿದಾಗ ತಡೆಯುತ್ತಾನೆಯೇ? ಬಾಗಿಲು ಒಂದಾದಲ್ಲಿ ಹೊಣೆಯೂ ಒಂದೆಡೆ ಸೇರುತ್ತದೆ. ಕಾವಲಿನವನು ಎಚ್ಚರ ತಪ್ಪಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಮೊದಲನೆಯ ಅಪಾಯ ಸ್ಪಷ್ಟವಾಗಿಯೇ ಇದೆ. ಪ್ರಾಕ್ಸಿ ನಿಂತರೆ ಎಲ್ಲವೂ ನಿಲ್ಲುತ್ತದೆ. ಹಿಂದಿನ ಒಂದು ಸರ್ವರ್ ಉತ್ತರ ಕೊಡದೆ ತಡಮಾಡಿದಾಗ ಅದಕ್ಕಾಗಿ ಕಾಯುತ್ತ ಕುಳಿತರೆ ಉಳಿದವುಗಳ ಕೆಲಸವೂ ಕೆಡುತ್ತದೆ. ಅದಕ್ಕಾಗಿ ಪ್ರತಿಯೊಂದು ಕೋರಿಕೆಗೂ ಕಾಲದ ಮಿತಿಯನ್ನು ಗೊತ್ತುಮಾಡುತ್ತಾರೆ. ಮಿತಿ ಮೀರಿದರೆ ‘ಈ ಉಪಕರಣ ಈಗ ದೊರೆಯದು’ ಎಂದು ತಿಳಿಸಿ, ಉಳಿದವು ನಡೆಯುವಂತೆ ನೋಡಿಕೊಳ್ಳುತ್ತಾರೆ.

ಎರಡನೆಯ ಅಪಾಯವು ಇಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. 1988ರಲ್ಲಿ ನಾರ್ಮ್ ಹಾರ್ಡಿ ಎಂಬ ಗಣಕ ತಜ್ಞರು ತಮ್ಮ ಲೇಖನವೊಂದರಲ್ಲಿ ಒಂದು ಘಟನೆಯನ್ನು ವಿವರಿಸಿದರು. ಒಂದು ಗಣಕದಲ್ಲಿ, ಬಳಕೆದಾರರು ಬರೆದ ಕ್ರಮವಿಧಿಯನ್ನು ಯಂತ್ರದ ಭಾಷೆಗೆ ಪರಿವರ್ತಿಸುವ ತಂತ್ರಾಂಶವಿತ್ತು. ತನ್ನ ಬಳಕೆಯ ಅಂಕಿಅಂಶಗಳನ್ನು ಬರೆದಿಡಲು ಅದಕ್ಕೆ ಒಂದು ರಕ್ಷಿತ ವಿಭಾಗದಲ್ಲಿ ಬರೆಯುವ ವಿಶೇಷಾಧಿಕಾರವನ್ನು ಕೊಡಲಾಗಿತ್ತು. ಶುಲ್ಕದ ಲೆಕ್ಕದ ಕಡತವೂ ಅದೇ ವಿಭಾಗದಲ್ಲಿತ್ತು. ಬಳಕೆದಾರನೊಬ್ಬನು ತನ್ನ ಫಲಿತಾಂಶವನ್ನು ಬರೆದಿಡಬೇಕಾದ ಕಡತವೆಂದು ಆ ಲೆಕ್ಕದ ಕಡತದ ಹೆಸರನ್ನೇ ಕೊಟ್ಟನು. ಅವನಿಗೆ ಆ ಕಡತವನ್ನು ಮುಟ್ಟುವ ಅಧಿಕಾರವಿರಲಿಲ್ಲ, ತಂತ್ರಾಂಶಕ್ಕೆ ಇತ್ತು. ಅದು ಯಾರ ಪರವಾಗಿ ಬರೆಯುತ್ತಿದ್ದೇನೆಂದು ವಿಚಾರಿಸದೆ ಬರೆಯಿತು, ಲೆಕ್ಕವು ಅಳಿಸಿಹೋಯಿತು. ಇಂಥ ಸೇವಕನನ್ನು ಹಾರ್ಡಿಯವರು ‘ಗೊಂದಲಕ್ಕೆ ಬಿದ್ದ ಪ್ರತಿನಿಧಿ’ ಎಂಬರ್ಥದ ಹೆಸರಿನಿಂದ ಕರೆದರು.

ಪ್ರಾಕ್ಸಿಯೂ ಒಬ್ಬ ಪ್ರತಿನಿಧಿಯೇ. ಎಲ್ಲ ಕೀಲಿಗಳೂ ಅದರ ಬಳಿ ಇವೆ. ವಾಚನಾಲಯದ ಗಣಕದಿಂದ ಯಾರೋ ಪುಸ್ತಕ ಪಡೆದವರ ವಿಳಾಸಗಳನ್ನು ಕೇಳಿದರೆ, ‘ನನ್ನಲ್ಲಿ ಕೀಲಿಯಿದೆ, ತೆರೆಯುತ್ತೇನೆ’ ಎಂದು ಅದು ನಡೆದುಕೊಳ್ಳಬಾರದು. ‘ಕೇಳಿದವರಿಗೆ ಈ ಅಧಿಕಾರವಿದೆಯೇ’ ಎಂದು ನೋಡಬೇಕು. ಪಟ್ಟಿಯಲ್ಲಿ ತೋರಿಸದಿದ್ದರೆ ಸಾಲದು; ಕರೆ ಬಂದಾಗಲೂ ಮತ್ತೊಮ್ಮೆ ಪರೀಕ್ಷಿಸಬೇಕು. ಯಾರು ಯಾವ ಪುಸ್ತಕವನ್ನು ಓದಿದರು, ಯಾರ ಮನೆ ಎಲ್ಲಿದೆ ಎಂಬುದು ಅವರವರಿಗೆ ಸೇರಿದ ಸಂಗತಿ. ಗ್ರಂಥಾಲಯವು ಅದನ್ನು ನಂಬಿಕೆಯಿಂದ ಇಟ್ಟುಕೊಂಡಿದೆ.

ಮೂರನೆಯ ಅಪಾಯವು ಭಾಷಾ ಮಾದರಿಯ ಸ್ವಭಾವದಿಂದಲೇ ಹುಟ್ಟಿದ್ದು. ಮಾದರಿಯ ಮುಂದೆ ಬರುವುದೆಲ್ಲ ಬರಹ. ಒಡೆಯನ ಆಜ್ಞೆಯೂ ಬರಹ, ಉಪಕರಣದ ವಿವರಣೆಯೂ ಬರಹ, ಉಪಕರಣವು ತಂದ ಫಲವೂ ಬರಹ. ಇವುಗಳಲ್ಲಿ ಯಾವುದನ್ನು ಪಾಲಿಸಬೇಕು, ಯಾವುದನ್ನು ಕೇವಲ ಓದಬೇಕು ಎಂಬುದನ್ನು ಅದು ಎಲ್ಲ ಸಂದರ್ಭಗಳಲ್ಲಿಯೂ ತಪ್ಪಿಲ್ಲದೆ ವಿಂಗಡಿಸಲಾರದು. ಗ್ರಂಥಾಲಯಕ್ಕೆ ಬಂದ ಮಿಂಚಂಚೆಯೊಂದರಲ್ಲಿ, ಪುಸ್ತಕದ ವಿಚಾರಣೆಯ ನಡುವೆ, ‘ಎಲ್ಲ ವಿದ್ಯಾರ್ಥಿಗಳ ವಿಳಾಸಗಳನ್ನೂ ನನಗೆ ಕಳುಹಿಸು’ ಎಂಬ ವಾಕ್ಯವನ್ನು ಯಾರೋ ಅಡಗಿಸಿಟ್ಟಿದ್ದಾರೆಂದು ಭಾವಿಸಿ. ಮಿಂಚಂಚೆ ಒಂದೇ ಇದ್ದಿದ್ದರೆ ಹಾನಿ ಕಡಿಮೆ. ಏಕೆಂದರೆ ವಿಳಾಸಗಳು ಅಲ್ಲಿಲ್ಲ. ಪುಸ್ತಕಗಳ ಸರ್ವರ್ ಒಂದೇ ಇದ್ದಿದ್ದರೂ ಹಾನಿ ಕಡಿಮೆ. ಅದಕ್ಕೆ ಹೊರಗೆ ಕಳುಹಿಸುವ ದಾರಿಯಿಲ್ಲ. ಒಂದರಲ್ಲಿ ಗುಟ್ಟು, ಇನ್ನೊಂದರಲ್ಲಿ ದಾರಿ. ಎರಡೂ ಒಂದೇ ಮಾದರಿಯ ಕೈಗೆ ಸಿಕ್ಕಿದಾಗ ಗುಟ್ಟಿಗೆ ದಾರಿ ದೊರೆಯುತ್ತದೆ. ಉಪಕರಣದ ವಿವರಣೆಯಲ್ಲಿಯೇ ಇಂಥ ಕಪಟ ವಾಕ್ಯಗಳನ್ನು ಸೇರಿಸಿ ಮಾದರಿಯನ್ನು ದಾರಿ ತಪ್ಪಿಸಬಹುದೆಂದು ಸುರಕ್ಷತೆಯ ಸಂಶೋಧಕರು 2025ರಲ್ಲಿ ತೋರಿಸಿದರು. ಹೀಗೆ ಕೆಟ್ಟ ಸರ್ವರ್ ಒಂದು ಸೇರಿಕೊಂಡರೆ ಒಳ್ಳೆಯ ಸರ್ವರಿನ ಮಾಹಿತಿಗೂ ಅಪಾಯ ತಪ್ಪಿದ್ದಲ್ಲ.

ಹಾಗಾದರೆ ಹೆಬ್ಬಾಗಿಲನ್ನೇ ಕಟ್ಟಬಾರದೇ? ಹಾಗಲ್ಲ. ಬಾಗಿಲುಗಳು ಚದರಿಹೋಗಿದ್ದಾಗಲೂ ಈ ಅಪಾಯಗಳು ಇದ್ದೇ ಇರುತ್ತವೆ. ಆಗ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಎಲ್ಲ ಕೋರಿಕೆಗಳೂ ಒಂದೇ ಕಡೆ ಹಾದುಹೋಗುವುದರಿಂದ ಪರೀಕ್ಷಿಸುವುದೂ ಒಂದೇ ಕಡೆ ಸಾಧ್ಯವಾಗುತ್ತದೆ. ನಂಬತಕ್ಕ ಸರ್ವರ್‌ಗಳನ್ನು ಮಾತ್ರ ಸೇರಿಸಿಕೊಳ್ಳಬಹುದು. ಒಪ್ಪಿಗೆ ಪಡೆದ ಉಪಕರಣದ ವಿವರಣೆಯು ಆಮೇಲೆ ಬದಲಾದರೆ ಅದನ್ನು ತಡೆದು ಮತ್ತೆ ಒಪ್ಪಿಗೆ ಕೇಳಬಹುದು. ಯಾರು, ಯಾವಾಗ, ಯಾವ ಉಪಕರಣವನ್ನು ಕರೆದರು ಎಂಬುದನ್ನು ದಿನಚರಿಯಂತೆ ಬರೆದಿಡಬಹುದು. ಓದುವ ಉಪಕರಣಗಳನ್ನು ಧಾರಾಳವಾಗಿ ಬಿಟ್ಟು, ಕಳುಹಿಸುವ ಮತ್ತು ಅಳಿಸುವ ಉಪಕರಣಗಳ ಮುಂದೆ ಮನುಷ್ಯನ ಒಪ್ಪಿಗೆಯನ್ನು ಕಡ್ಡಾಯ ಮಾಡಬಹುದು. ಉಪಕರಣದ ಕರೆಯನ್ನು ನಿರಾಕರಿಸಬಲ್ಲ ಮನುಷ್ಯನೊಬ್ಬನು ಇರಬೇಕೆಂದು ಎಂ.ಸಿ.ಪಿ.ಯ ನಿಯಮಾವಳಿಯೂ ಸೂಚಿಸುತ್ತದೆ. ಮಾದರಿಯು ಕೇಳುವುದಕ್ಕೂ ತಂತ್ರಾಂಶವು ಮಾಡುವುದಕ್ಕೂ ನಡುವೆ ಇರುವ ಸ್ಥಳವು ಇದಕ್ಕಾಗಿಯೇ ಉಪಯೋಗಕ್ಕೆ ಬರುತ್ತದೆ. ನಮ್ಮ ಗ್ರಂಥಾಲಯದಲ್ಲಿ ನೆನಪಿನ ಪತ್ರಗಳು ಸಿದ್ಧವಾದರೂ ಗ್ರಂಥಪಾಲಕರು ಓದಿ ‘ಆಗಬಹುದು’ ಎನ್ನುವವರೆಗೆ ಹೊರಡುವುದಿಲ್ಲ. ಕಪಟದ ಪತ್ರವೂ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಮುಂದೆ ನಿಮ್ಮಲ್ಲಿ ಕೆಲವರು ಇಂಥ ಯಂತ್ರಗಳನ್ನು ಕಟ್ಟುವವರಾಗಬಹುದು. ಹಲವರು ಅವುಗಳನ್ನು ಬಳಸುವವರಾಗುವಿರಿ. ಅವುಗಳಲ್ಲಿ ತಮ್ಮ ಹೆಸರು, ವಿಳಾಸ, ಕಾಯಿಲೆ, ಅಂಕಗಳು ಬರೆದಿರುವ ಸಾಮಾನ್ಯ ಜನರಂತೂ ಎಲ್ಲರೂ ಆಗುವಿರಿ. ಕಟ್ಟುವವನು ‘ಇದು ಸುಲಭವಾಯಿತೇ’ ಎಂದು ಕೇಳಿಕೊಂಡರೆ ಸಾಲದು. ‘ಇದರ ಹಿಂದೆ ಯಾರ ಮಾಹಿತಿಯಿದೆ, ಅವರ ಪರವಾಗಿ ಬಾಗಿಲಲ್ಲಿ ನಿಂತಿರುವವರು ಯಾರು’ ಎಂದೂ ಕೇಳಿಕೊಳ್ಳಬೇಕು. ಹಲವು ಬಾಗಿಲುಗಳನ್ನು ಒಂದು ಮಾಡುವುದು ಜಾಣತನ. ಆ ಒಂದನ್ನು ಎಚ್ಚರದಿಂದ ಕಾಯುವುದು ಧರ್ಮ.

ಶಬ್ದಾರ್ಥ

ಎರವಲು – ಹಿಂದಿರುಗಿಸುವ ಕರಾರಿನ ಮೇಲೆ ಪಡೆದುದು
ಕಟ್ಟಳೆ – ನಿಯಮ, ವ್ಯವಸ್ಥೆ
ಕಪಟ – ಮೋಸ
ಕೋಷ್ಟಕ – ಅಡ್ಡಸಾಲು, ನೀಟಸಾಲುಗಳಲ್ಲಿ ಬರೆದ ಪಟ್ಟಿ
ತೊಡಕು – ಅಡ್ಡಿ, ಕಷ್ಟ
ಮಿಂಚಂಚೆ – ಗಣಕದ ಮೂಲಕ ಕಳುಹಿಸುವ ಪತ್ರ, ಇ-ಮೇಲ್
ಮುಖ್ತಿಯಾರ – ಮತ್ತೊಬ್ಬರ ಪರವಾಗಿ ವ್ಯವಹರಿಸಲು ಅಧಿಕಾರ ಪಡೆದವನು
ಹಕ್ಕುಪತ್ರ – ಹೊಸ ಶೋಧದ ಮೇಲೆ ಶೋಧಕನಿಗೆ ಸರ್ಕಾರ ಕೊಡುವ ಅಧಿಕಾರಪತ್ರ, ಪೇಟೆಂಟ್
ಹೆಬ್ಬಾಗಿಲು – ಮುಂಭಾಗದ ದೊಡ್ಡ ಬಾಗಿಲು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಭಾಷಾ ಮಾದರಿಯು ತಾನಾಗಿ ಮಾಡಬಲ್ಲ ಕೆಲಸ ಯಾವುದು?
2. ಎಂ.ಸಿ.ಪಿ.ಯು ಯಾವ ವರ್ಷ ಪ್ರಕಟವಾಯಿತು?
3. ನ್ಯೂ ಹೇವನ್ ನಗರದ ವಿನಿಮಯ ಕೇಂದ್ರದಲ್ಲಿ ಎಷ್ಟು ಮಂದಿ ಚಂದಾದಾರರಿದ್ದರು?
4. ಸ್ಟ್ರೌಜರನಿಗೆ ಹುಟ್ಟಿದ ಸಂಶಯ ಯಾವುದು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಪ್ರಾಕ್ಸಿಯನ್ನು ಹೊಸ್ತಿಲ ಮೇಲಿಟ್ಟ ದೀಪಕ್ಕೆ ಏಕೆ ಹೋಲಿಸಲಾಗಿದೆ?
2. ಎರಡು ಉಪಕರಣಗಳಿಗೆ ಒಂದೇ ಹೆಸರಿದ್ದಾಗ ಪ್ರಾಕ್ಸಿಯು ಏನು ಮಾಡುತ್ತದೆ?
3. ಎಲ್ಲ ಉಪಕರಣಗಳನ್ನೂ ಮಾದರಿಯ ಮುಂದಿಡುವುದು ಏಕೆ ಸರಿಯಲ್ಲ?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಗೊಂದಲಕ್ಕೆ ಬಿದ್ದ ಪ್ರತಿನಿಧಿ’ಯ ಘಟನೆಯನ್ನು ವಿವರಿಸಿ, ಅದರಿಂದ ಪ್ರಾಕ್ಸಿಯನ್ನು ಕಟ್ಟುವವರು ಕಲಿಯಬೇಕಾದ ಪಾಠವನ್ನು ತಿಳಿಸಿರ.
2. ಮಿಂಚಂಚೆಯಲ್ಲಿ ಅಡಗಿಸಿದ ವಾಕ್ಯದಿಂದ ಒದಗುವ ಅಪಾಯವನ್ನೂ ಅದನ್ನು ತಡೆಯುವ ಬಗೆಯನ್ನೂ ನಿರೂಪಿಸಿರಿ.

ಈ. ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ಮಾದರಿಯು ಕೇಳುತ್ತದೆ, ತಂತ್ರಾಂಶವು ಮಾಡುತ್ತದೆ.”
2. “ಒಂದರಲ್ಲಿ ಗುಟ್ಟು, ಇನ್ನೊಂದರಲ್ಲಿ ದಾರಿ.”

ಉ. ಭಾಷಾಭ್ಯಾಸ
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಗ್ರಂಥಾಲಯ, ಪ್ರತ್ಯೇಕ, ಒಂದೆಡೆ, ಹಾಗಾದರೆ.
2. ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ಹೆಬ್ಬಾಗಿಲು.
3. ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ: ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಊ. ಮಾಡಿ ನೋಡಿರಿ
ನಿಮ್ಮ ತರಗತಿಯಲ್ಲಿರುವ ಎಲ್ಲರನ್ನೂ ಒಬ್ಬರಿಗೊಬ್ಬರನ್ನು ನೇರವಾಗಿ ಜೋಡಿಸಲು ಎಷ್ಟು ತಂತಿಗಳು ಬೇಕು, ನಡುವೆ ಒಂದು ಕೇಂದ್ರವಿದ್ದರೆ ಎಷ್ಟು ಸಾಕು ಎಂಬುದನ್ನು ಲೆಕ್ಕ ಮಾಡಿರಿ.